ಮೊಬೈಲಿನ ಅಪ್‌ಡೇಟೂ ಅದರ ಪರಿಕರಗಳೂ

ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕೂಡಿಬಂದಾಗ ಮಕ್ಕಳ ವಿದ್ಯೆ, ಮದುವೆ, ಮೈಸೌಖ್ಯ ಇವುಗಳ ಮಾತು ಮೊದಲು ನಡೆಯುವುದು ರೂಢಿ. ಆದರೆ ಕೆಲವು ವರ್ಷಗಳಿಂದೀಚೆಗೆ ಊಟದ ಪಂಕ್ತಿ ಏಳುವುದಕ್ಕೆ ಮುಂಚೆಯೇ ಬೇರೊಂದು ದೂರು ನಮ್ಮ ಕಿವಿಗೆ ಬೀಳುತ್ತಲಿದೆ. "ಅಪ್‌ಡೇಟು ಮಾಡಿದ ಮೇಲೆ ನನ್ನ ಮೊಬೈಲು ಕೆಟ್ಟುಹೋಯಿತು" ಎಂದು ಒಬ್ಬರೆಂದರೆ, "ನಾನಂತೂ ಮೂರು ವರ್ಷಗಳಿಂದ ಅದರ ಗೊಡವೆಗೇ ಹೋಗಿಲ್ಲ, ಕೇಳಿದಾಗಲೆಲ್ಲ 'ಆಮೇಲೆ' ಎಂಬುದನ್ನೇ ಒತ್ತುತ್ತ ಬಂದಿದ್ದೇನೆ" ಎಂದು ಇನ್ನೊಬ್ಬರು ಜಯಶಾಲಿಗಳಂತೆ ಹೇಳುವರು. ವಿಜ್ಞಾನದ ಪಾಠ ಹೇಳುವವರೆಂಬ ಕಾರಣಕ್ಕೆ ತೀರ್ಪು ಕೊಡುವ ಭಾರವು ನಮ್ಮ ತಲೆಯ ಮೇಲೆ ಬೀಳುವುದು. ಪಾಯಸದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಇಂಥ ವಿಷಯವನ್ನು ವಿವರಿಸುವುದು ಸುಲಭವಲ್ಲವಾದುದರಿಂದ, ಆಗ ಅರ್ಧದಲ್ಲಿಯೇ ನಿಂತುಹೋದುದನ್ನು ಈ ಸಂಚಿಕೆಯಲ್ಲಿ ಸಾವಕಾಶವಾಗಿ ಬರೆಯುತ್ತೇವೆ.

ಅಪ್‌ಡೇಟು ಎಂದರೇನು? ಹಳೆಯ ಪುಸ್ತಕಗಳ ಕೊನೆಯಲ್ಲಿ ಶುದ್ಧಾಶುದ್ಧ ಪತ್ರಿಕೆಯೆಂಬ ಒಂದು ಹಾಳೆಯನ್ನು ಅಂಟಿಸಿರುತ್ತಿದ್ದುದನ್ನು ನಮ್ಮ ಪುಸ್ತಕಭಂಡಾರದಲ್ಲಿ ಕುಳಿತು ಓದಿದವರೆಲ್ಲರೂ ಕಂಡಿರುವರಷ್ಟೆ. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗಿರುವುದನ್ನು ಹೀಗೆ ಓದಿಕೊಳ್ಳಬೇಕು ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಮುದ್ರಣಾಲಯದವರಾಗಲಿ ಅವರ ಅನಂತರ ಬಂದ ಯಾವ ಮುದ್ರಕರಾಗಲಿ ಒಮ್ಮೆ ಮಾರಾಟವಾದ ಪುಸ್ತಕವನ್ನು ಓದುಗನ ಮನೆಯಿಂದ ಹಿಂದಕ್ಕೆ ಕರೆಯಿಸಿ ತಿದ್ದಲಾರರು. ಓದುಗನೇ ಲೇಖನಿ ಹಿಡಿದು ತಿದ್ದಿಕೊಳ್ಳಬೇಕಾಗಿತ್ತು. ಮೊಬೈಲನ್ನು ನಡೆಯಿಸುವ ಸಾಫ್ಟ್‌ವೇರೆಂಬುದೂ ಬರಹವೇ. ಅದು ಕೋಟಿಗೂ ಮೀರಿದ ಸಾಲುಗಳುಳ್ಳ ಒಂದು ಮಹಾಗ್ರಂಥವೆಂದು ತಿಳಿಯಬಹುದು. ಅಷ್ಟು ದೊಡ್ಡ ಗ್ರಂಥದಲ್ಲಿ ತಪ್ಪುಗಳಿರದೆ ಹೋಗುವುದುಂಟೇ? ಅಪ್‌ಡೇಟೆಂಬುದು ಆ ಗ್ರಂಥದ ಶುದ್ಧಿಪತ್ರವಾಗಿದೆ. ಆದರೆ ಕೊನೆಯಲ್ಲಿ ಅಂಟಿಕೊಂಡಿರುವ ಹಾಳೆಯಂತಿರದೆ, ತಾನೇ ಪುಸ್ತಕದೊಳಕ್ಕೆ ಹೊಕ್ಕು ಆಯಾ ಸಾಲನ್ನು ಅಳಿಸಿ ಸರಿಯಾದುದನ್ನು ಬರೆಯತಕ್ಕ ಶುದ್ಧಿಪತ್ರವಿದು. ಕೆಲವು ವೇಳೆ ಅದರ ಜತೆಗೆ ಹೊಸ ಅಧ್ಯಾಯಗಳೂ ಬರುವವು.

ಹೊಸ ಅಧ್ಯಾಯಗಳಿಂದ ನಮಗಾದ ಲಾಭವನ್ನು ನಾವು ಬೇಗ ಮರೆಯುತ್ತೇವೆ. ರೂಪಾಯಿಯ ಈಗಿನ ಚಿಹ್ನೆಯನ್ನು ಭಾರತ ಸರಕಾರದವರು 2010ನೇ ಜುಲಾಯಿಯಲ್ಲಿ ಅಂಗೀಕರಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದಕ್ಕೆ ಯೂನಿಕೋಡೆಂಬ ಲೋಕದ ಅಕ್ಷರಪಟ್ಟಿಯಲ್ಲಿ ಸ್ಥಾನ ದೊರೆಯಿತು. ಆದರೂ ಅದಕ್ಕೆ ಮುಂಚೆ ಸಿದ್ಧವಾದ ಮೊಬೈಲುಗಳಲ್ಲಿ ಆ ಚಿಹ್ನೆಯಿರಬೇಕಾದ ಕಡೆ ಒಂದು ಬರಿದಾದ ಚೌಕವು ಕಾಣುತ್ತಿತ್ತು. ನಮ್ಮ ಕನ್ನಡಕ್ಕೂ ಇದೇ ಗತಿಯಾಗಿತ್ತು. ಆಂಡ್ರಾಯ್ಡಿನ ಮೊದಲಿನ ದಿನಗಳಲ್ಲಿ ಕನ್ನಡದಲ್ಲಿ ಬರೆದ ಸಂದೇಶವು ಅನೇಕ ಮೊಬೈಲುಗಳಲ್ಲಿ ಚೌಕಗಳ ಸಾಲಾಗಿ ತೋರುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. 2012ರಲ್ಲಿ ಹೊರಬಂದ 4.1ನೇ ಆವೃತ್ತಿಯೊಡನೆ ಕನ್ನಡ, ತೆಲುಗು, ಮಲೆಯಾಳಗಳ ಅಕ್ಷರಗಳು ಅದರೊಳಗೆ ಸೇರಿದವು. ತಾಯಿಯು ಮಗಳಿಗೆ ಕನ್ನಡದಲ್ಲಿ ಬರೆಯುವುದು ಸಾಧ್ಯವಾದುದು ಹೀಗೆ.

ಇನ್ನು ತಪ್ಪುಗಳ ಮಾತು. ಪುಸ್ತಕದ ಅಚ್ಚಿನ ತಪ್ಪಿನಿಂದ ಓದುಗನಿಗೆ ಕ್ಷಣಕಾಲ ತೊಡಕಾಗುವುದೇ ಹೊರತು ಮನೆಗೆ ಕಳ್ಳನು ನುಗ್ಗಲಾರನು. ಸಾಫ್ಟ್‌ವೇರಿನ ತಪ್ಪಾದರೋ ಚಿಲಕವಿಲ್ಲದ ಹಿತ್ತಲ ಕಿಟಕಿಯಂತಿರುವುದು. 2015ನೇ ಜುಲಾಯಿಯಲ್ಲಿ ಸ್ಟೇಜ್‌ಫ್ರೈಟ್ ಎಂಬ ಹೆಸರಿನ ಒಂದು ದೋಷವು ಆಂಡ್ರಾಯ್ಡಿನಲ್ಲಿ ಪತ್ತೆಯಾಯಿತು. ಚಲಚ್ಚಿತ್ರಗಳನ್ನು ಓದಿ ತೋರಿಸುವ ಭಾಗದಲ್ಲಿದ್ದ ಈ ದೋಷದ ಮೂಲಕ, ಕೇವಲ ಒಂದು ಚಿತ್ರಸಂದೇಶವನ್ನು ಕಳುಹಿಸಿ, ಪಡೆದವರು ಅದನ್ನು ತೆರೆಯದಿದ್ದರೂ ಅವರ ಮೊಬೈಲಿನೊಳಕ್ಕೆ ಪ್ರವೇಶಿಸಬಹುದಾಗಿತ್ತು. ಸುಮಾರು 95 ಕೋಟಿ ಮೊಬೈಲುಗಳು ಈ ಅಪಾಯಕ್ಕೆ ಈಡಾಗಿವೆಯೆಂದು ಕಂಡುಹಿಡಿದವರು ಹೇಳಿದರು. ಅದುವರೆಗೆ ಮನಸ್ಸು ಬಂದಾಗ ಶುದ್ಧಿಪತ್ರವನ್ನು ಕಳುಹಿಸುತ್ತಿದ್ದ ಗೂಗಲ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಯವರು ಮರುತಿಂಗಳಲ್ಲಿಯೇ, ಇನ್ನು ಮುಂದೆ ತಿಂಗಳು ತಿಂಗಳಿಗೂ ಭದ್ರತೆಯ ಅಪ್‌ಡೇಟನ್ನು ಕೊಡುವೆವೆಂದು ಸಾರಿದರು. ನಮ್ಮ ಗೆಳತಿಯರನ್ನು ಪದೇ ಪದೇ ಪೀಡಿಸುವ ಆ ಸೂಚನೆಯ ಹುಟ್ಟು ಈ ಬಗೆಯದು. ನಾವು "ಆಮೇಲೆ" ಎಂದು ಒತ್ತಿದಷ್ಟು ದಿನವೂ ಕಿಟಕಿಯು ತೆರೆದೇ ಇರುವುದು. ಅದಕ್ಕಿಂತ ಹೆಚ್ಚಿನ ಕೇಡೇನೆಂದರೆ, ಶುದ್ಧಿಪತ್ರವು ಪ್ರಕಟವಾದೊಡನೆ ಕಿಟಕಿಯು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿದುಹೋಗುವುದು.

ಹಾಗಾದರೆ "ಅಪ್‌ಡೇಟು ಮಾಡಿದ ಮೇಲೆ ಕೆಟ್ಟಿತು" ಎಂಬ ದೂರೆಲ್ಲ ಸುಳ್ಳೇ? ಸುಳ್ಳಲ್ಲ. ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬಂತೆ, ಹಿಂದೆ ನಡೆದುದೆಲ್ಲ ಕಾರಣವಾಗಿರಲೇಬೇಕೆಂಬ ನಿಯಮವಿಲ್ಲ. ಹೋದ ವರ್ಷ ಎಂಟನೆಯ ತರಗತಿಯ ಒಬ್ಬ ಹುಡುಗಿಯ ತಾಯಿಯವರು ನಮ್ಮಲ್ಲಿಗೆ ಬಂದು, "ಟೀಚರೇ, ರಾತ್ರಿ ಅಪ್‌ಡೇಟು ಹಾಕಿ ಮಲಗಿದೆ. ಬೆಳಿಗ್ಗೆಯಿಂದ ಇದಕ್ಕೆ ದೆವ್ವ ಹಿಡಿದ ಹಾಗಾಗಿದೆ. ನಾನು ಮುಟ್ಟದೆ ತಾನೇ ಯಾರಿಗೋ ಕರೆ ಹೋಗುತ್ತದೆ, ಅಕ್ಷರ ಒಂದು ಒತ್ತಿದರೆ ಇನ್ನೊಂದು ಬೀಳುತ್ತದೆ" ಎಂದರು. ನಮ್ಮ ಮೇಜಿನ ಮೇಲಿಟ್ಟಾಗ ಮೊಬೈಲು ಸಾಧುವಾಗಿಯೇ ಇತ್ತು. ದೆವ್ವವು ಶಾಲೆಯ ಕಾಂಪೌಂಡಿನೊಳಗೆ ಬರಲು ಅಂಜುವುದೆಂದು ಜತೆಯಲ್ಲಿದ್ದ ಹುಡುಗಿಯು ನಕ್ಕಳು. ಚೀಲದಲ್ಲಿದ್ದ ಚಾರ್ಜರನ್ನು ತೆಗೆಸಿ ಗೋಡೆಗೆ ಸಿಕ್ಕಿಸಿದೆವು. ಕೂಡಲೇ ದೆವ್ವವು ಪ್ರತ್ಯಕ್ಷವಾಯಿತು. ನಮ್ಮ ಚಾರ್ಜರನ್ನು ಸಿಕ್ಕಿಸಿದೆವು, ಮಾಯವಾಯಿತು. ಕಂಪನಿಯ ಚಾರ್ಜರು ಮಳೆಗಾಲದ ಸಿಡಿಲಿಗೆ ಸುಟ್ಟುಹೋದುದರಿಂದ, ಅಪ್‌ಡೇಟಿನ ಹಿಂದಿನ ದಿನವೇ ಬಸ್‌ಸ್ಟ್ಯಾಂಡಿನ ಬಳಿ ನೂರು ರೂಪಾಯಿಗೆ ಒಂದನ್ನು ಕೊಂಡಿದ್ದರಂತೆ. ಆ ಮಾತು ಕೊನೆಯಲ್ಲಿ, ಕೇಳಿದ ಮೇಲಷ್ಟೇ, ಹೊರಬಿತ್ತು.

ಇದರ ಮರ್ಮವು ಪಾಠಕ್ಕೆ ಯೋಗ್ಯವಾದುದಾಗಿದೆ. ಮೊಬೈಲಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದಂಥ ತೆಳುವಾದ ವಿದ್ಯುತ್ತಂತುಗಳ ಜಾಲವಿರುವುದು. ನಮ್ಮ ಬೆರಳು ಹತ್ತಿರ ಬಂದಾಗ ಅಲ್ಲಿಯ ವಿದ್ಯುತ್ಸಂಚಯದಲ್ಲಿ ಅತಿ ಸ್ವಲ್ಪ ವ್ಯತ್ಯಾಸವಾಗುವುದನ್ನು ಅಳೆದು ಬೆರಳು ಎಲ್ಲಿದೆಯೆಂದು ಯಂತ್ರವು ತಿಳಿಯುತ್ತದೆ. ಚಾರ್ಜರಿನ ಕೆಲಸವಾದರೋ ಗೋಡೆಯಲ್ಲಿ ಬರುವ 230 ವೋಲ್ಟುಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು 5 ವೋಲ್ಟುಗಳಿಗೆ ಇಳಿಸುವುದು. ಹಾಗೆ ಕಡಿಯುವಾಗ ಏಳುವ ವಿದ್ಯುತ್ತಿನ ಕಲರವವನ್ನು ಸೋಸಿಬಿಡುವ ಭಾಗಗಳು ಒಳ್ಳೆಯ ಚಾರ್ಜರಿನಲ್ಲಿರುತ್ತವೆ. ಅಗ್ಗದ ಚಾರ್ಜರನ್ನು ಮಾಡುವವನು ಮೊದಲು ಕೈಬಿಡುವುದು ಆ ಭಾಗಗಳನ್ನೇ. ಸೋಸದೆ ಬಂದ ಕಲರವವನ್ನು ಗಾಜಿನ ಕೆಳಗಿನ ಜಾಲವು ಬೆರಳೆಂದು ತಪ್ಪಾಗಿ ತಿಳಿಯುತ್ತದೆ. ದೆವ್ವವೆಂದರೆ ಇಷ್ಟೇ. ಆದರೆ ಕೈಬಿಟ್ಟ ಭಾಗಗಳಲ್ಲಿ ಇದಕ್ಕಿಂತ ಘೋರವಾದುದೂ ಒಂದುಂಟು: 230 ವೋಲ್ಟಿನ ಕಡೆಯನ್ನೂ 5 ವೋಲ್ಟಿನ ಕಡೆಯನ್ನೂ ಬೇರ್ಪಡಿಸಿಡುವ ತೆರಪು. ಅದು ಸಾಲದಾದರೆ ಗೋಡೆಯ ವಿದ್ಯುತ್ತು ಕೈಯವರೆಗೂ ಬರಬಲ್ಲುದು. ಚಾರ್ಜಿಗಿಟ್ಟ ಮೊಬೈಲನ್ನು ಕಿವಿಗಿಟ್ಟುಕೊಂಡು ಮಾತಾಡುವ ನಮ್ಮ ಹುಡುಗಿಯರಿಗೆ ಇದನ್ನು ಎಷ್ಟು ಸಾರಿ ಹೇಳಿದರೂ ಸಾಲದು.

ಕೊಳ್ಳುವಾಗ ಗುರುತು ಹಿಡಿಯುವುದು ಹೇಗೆ? ನಮ್ಮ ದೇಶದಲ್ಲಿ ಚಾರ್ಜರು, ಪವರ್‌ಬ್ಯಾಂಕು ಇವುಗಳನ್ನು ಭಾರತೀಯ ಮಾನಕ ಬ್ಯೂರೋದವರಲ್ಲಿ ನೋಂದಾಯಿಸದೆ ಮಾರಕೂಡದು. ನೋಂದಾಯಿತವಾದುದರ ಮೈಮೇಲೆ ಬ್ಯೂರೋದ ಮುದ್ರೆಯೂ, 'ಆರ್' ಅಕ್ಷರದಿಂದ ಆರಂಭವಾಗುವ ಎಂಟು ಅಂಕೆಗಳ ಸಂಖ್ಯೆಯೂ ಅಚ್ಚಾಗಿರುತ್ತದೆ. ಆ ಸಂಖ್ಯೆಯನ್ನು ಬ್ಯೂರೋದವರ 'ಬಿ.ಐ.ಎಸ್. ಕೇರ್' ಎಂಬ ಆ್ಯಪಿನಲ್ಲಿ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆಯೆಂದು ತಿಳಿಯುವುದು. ಬಸ್‌ಸ್ಟ್ಯಾಂಡಿನ ಚಾರ್ಜರಿನ ಮೇಲೆಯೂ ಒಂದು ಮುದ್ರೆಯಿತ್ತು. ಸಂಖ್ಯೆ ಮಾತ್ರ ಯಾರದೂ ಆಗಿರಲಿಲ್ಲ.

ಕೇಬಲ್ಲು ಬರೇ ತಂತಿಯಲ್ಲವೇ, ಅದರಲ್ಲೇನು ಭೇದ ಎಂದು ಕೇಳುವವರುಂಟು. ಗೂಗಲಿನ ಇಂಜಿನಿಯರರಾದ ಬೆನ್ಸನ್ ಲ್ಯೂಂಗ್ ಎಂಬವರು 2015ರ ಕೊನೆಯಲ್ಲಿ, ಆಗ ತಾನೇ ರೂಢಿಗೆ ಬರುತ್ತಿದ್ದ ಟೈಪ್-ಸಿ ಕೇಬಲ್ಲುಗಳನ್ನು ತಾವೇ ಹಣ ಕೊಟ್ಟು ತರಿಸಿ ಒಂದೊಂದನ್ನಾಗಿ ಪರೀಕ್ಷಿಸಿ ಬರೆಯತೊಡಗಿದರು. ಹಳೆಯ ಮಾದರಿಯ ತುದಿಯುಳ್ಳ ಇಂಥ ಕೇಬಲ್ಲಿನೊಳಗೆ 56 ಕಿಲೋ ಓಮಿನ ಒಂದು ಸಣ್ಣ ನಿರೋಧಕವಿರತಕ್ಕದ್ದು. "ಇಷ್ಟೇ ಸೆಳೆದುಕೋ, ಹೆಚ್ಚು ಬೇಡ" ಎಂದು ಮೊಬೈಲಿಗೆ ತಿಳಿಸುವುದು ಅದರ ಕೆಲಸ. ಅನೇಕರು ಅದರ ಬದಲಿಗೆ 10 ಕಿಲೋ ಓಮಿನದನ್ನು ಹಾಕಿದ್ದರು. ಆಗ ಮೊಬೈಲು 3 ಆಂಪಿಯರು ದೊರೆಯುವುದೆಂದು ನಂಬಿ ಸೆಳೆಯುವುದು, ಕೊಡಲು ಶಕ್ತಿಯಿಲ್ಲದ ಚಾರ್ಜರು ಕಾಯುವುದು, ಸುಡುವುದು. 2016ನೇ ಫೆಬ್ರವರಿಯಲ್ಲಿ ಅವರು ಪರೀಕ್ಷಿಸಿದ ಒಂದು ಕೇಬಲ್ಲಿನೊಳಗೆ ತಂತಿಗಳನ್ನೇ ಅದಲುಬದಲಾಗಿ ಜೋಡಿಸಿದ್ದುದರಿಂದ ಅವರ ಬೆಲೆಬಾಳುವ ಕಂಪ್ಯೂಟರು ಕ್ಷಣದಲ್ಲಿ ಕೆಟ್ಟಿತು. ಮರುತಿಂಗಳಲ್ಲಿ ಅಮೆಜಾನ್ ಸಂಸ್ಥೆಯವರು ಅಂಥ ಕೇಬಲ್ಲುಗಳನ್ನು ತಮ್ಮಲ್ಲಿ ಮಾರಕೂಡದೆಂದು ನಿಷೇಧಿಸಿದರು. ಇದಕ್ಕೆ ವಿರುದ್ಧವಾದ ಒಂದು ಅಂಜಿಕೆಯನ್ನೂ ಇಲ್ಲಿಯೇ ಕಳೆಯಬೇಕಾಗಿದೆ. ದೊಡ್ಡ ಶಕ್ತಿಯ ಚಾರ್ಜರಿನಿಂದ ಸಣ್ಣ ಮೊಬೈಲು ಸುಟ್ಟುಹೋಗುವುದೆಂಬುದು ನಿಜವಲ್ಲ. ಒಳ್ಳೆಯ ಚಾರ್ಜರು ಮೊದಲು 5 ವೋಲ್ಟನ್ನೇ ಕೊಟ್ಟು, ಮೊಬೈಲು ಕೇಳಿದರಷ್ಟೇ ಹೆಚ್ಚಿಸುವುದು. ಬಾವಿ ದೊಡ್ಡದೆಂದು ಕೊಡವು ಒಡೆಯುವುದಿಲ್ಲ. ಯೂರೋಪಿನ ಒಕ್ಕೂಟದಲ್ಲಿ 2024ನೇ ದಶಂಬರ 28ರಿಂದ ಹೊಸ ಮೊಬೈಲುಗಳಿಗೆಲ್ಲ ಟೈಪ್-ಸಿ ಬಾಯಿಯೇ ಇರಬೇಕೆಂಬ ನಿಯಮವು ಜಾರಿಗೆ ಬಂದಿದೆ. ಇನ್ನು ಮನೆಗೆ ನಾಲ್ಕು ಬಗೆಯ ಚಾರ್ಜರುಗಳನ್ನಿಡುವ ಕಷ್ಟವು ಮೆಲ್ಲಮೆಲ್ಲನೆ ತಪ್ಪೀತು.

ಮೊಬೈಲು ಮಂದವಾಯಿತೆಂಬ ದೂರು ಇನ್ನೊಂದು. ದೊಡ್ಡ ಅಪ್‌ಡೇಟಿನ ಮರುದಿನ ಮೊಬೈಲು ಬಿಸಿಯಾಗುವುದೂ ಚಾರ್ಜು ಬೇಗ ಇಳಿಯುವುದೂ ಸಹಜವೇ. ಮನೆಗೆ ಸುಣ್ಣ ಹೊಡೆಸಿದ ಮೇಲೆ ಪಾತ್ರೆಪರಡಿಗಳನ್ನು ಪುನಃ ಜೋಡಿಸುವಂತೆ, ಯಂತ್ರವು ಒಳಗಿನ ಆ್ಯಪುಗಳನ್ನೂ ಚಿತ್ರಗಳನ್ನೂ ಹೊಸ ಕ್ರಮಕ್ಕೆ ಒಗ್ಗಿಸಿಕೊಳ್ಳುತ್ತಿರುವುದು. ಎರಡು ದಿನ ತಾಳಿದರೆ ಸಾಧಾರಣವಾಗಿ ಸರಿಹೋಗುವುದು. ಒಳಗೆ ಜಾಗವಿಲ್ಲದ ಮೊಬೈಲಿನ ಸಂಗತಿ ಬೇರೆ. ಸಾವಿರಾರು ಶುಭೋದಯದ ಚಿತ್ರಗಳನ್ನು ಸಂಗ್ರಹಿಸಿಟ್ಟುಕೊಂಡವರು ಯಾರೆಂಬುದನ್ನು ನಾವು ಹೆಸರಿಸುವುದಿಲ್ಲ.

ಆದರೆ ಎರಡು ತಿಂಗಳಾದರೂ ಮಂದಗತಿಯು ಹೋಗದಿದ್ದರೆ? ಇಲ್ಲಿ ನಮ್ಮ ಗೆಳತಿಯರ ಸಂಶಯವು ನಿರಾಧಾರವಾದುದಲ್ಲವೆಂದು ಒಪ್ಪಿಕೊಳ್ಳಬೇಕು. ನಡೆದುದೇನೆಂದರೆ: 2016ರ ಸುಮಾರಿಗೆ ಕೆಲವು ಐಫೋನುಗಳು, ಚಾರ್ಜು ನೂರಕ್ಕೆ ಮೂವತ್ತರಷ್ಟು ಉಳಿದಿರುವಂತೆಯೇ, ಒಮ್ಮೆಲೇ ಆರಿಹೋಗತೊಡಗಿದವು. ಇದಕ್ಕೆ ಕಾರಣವನ್ನು ನಮ್ಮ ಊರಿನ ಬೇಸಗೆಯ ಬಾವಿಗಳನ್ನು ನೋಡಿದವರು ಸುಲಭವಾಗಿ ತಿಳಿಯಬಹುದು. ಹೂಳು ತುಂಬಿದ ಬಾವಿಯಲ್ಲಿ ನೀರಿಲ್ಲವೆಂದಲ್ಲ, ಇದೆ. ಕೊಡದಿಂದ ಸೇದಿದರೆ ಬರುತ್ತದೆ. ಪಂಪು ಹಾಕಿದರೆ ಒರತೆಯು ಅಷ್ಟು ವೇಗವಾಗಿ ಬಾರದೆ ಪಂಪು ಗಾಳಿ ಕುಡಿದು ನಿಲ್ಲುವುದು. ಲಿಥಿಯಮ್ ಬ್ಯಾಟರಿಯೂ ಹಾಗೆಯೇ. ಮುಪ್ಪಾದಂತೆ ಅದರ ಒಳಗಿನ ನಿರೋಧವು ಹೆಚ್ಚುತ್ತ ಬರುವುದರಿಂದ, ಮೊಬೈಲು ಒಮ್ಮೆಲೇ ಹೆಚ್ಚು ಶಕ್ತಿಯನ್ನು ಸೆಳೆದರೆ ವೋಲ್ಟು ಕುಸಿದು ಯಂತ್ರವು ಆರುವುದು. ಆಪಲ್ ಸಂಸ್ಥೆಯವರು 2017ನೇ ಜನವರಿಯ ಅಪ್‌ಡೇಟಿನಲ್ಲಿ ಇದಕ್ಕೊಂದು ಉಪಾಯವನ್ನು ಸೇರಿಸಿದರು: ಬ್ಯಾಟರಿ ಮುಪ್ಪಾಗಿದ್ದರೆ ಯಂತ್ರದ ವೇಗವನ್ನೇ ತಗ್ಗಿಸುವುದು. ಉಪಾಯವು ಯುಕ್ತವಾದುದೇ. ಆದರೆ ಮೊಬೈಲಿನ ಒಡೆಯರಿಗೆ ಅದನ್ನು ತಿಳಿಯಹೇಳಲಿಲ್ಲ. ಅದೇ ವರ್ಷದ ದಶಂಬರದಲ್ಲಿ ಜಾನ್ ಪೂಲ್ ಎಂಬವರು ವೇಗದ ಅಳತೆಗಳನ್ನು ಪ್ರಕಟಿಸಿ ಗುಟ್ಟನ್ನು ಬಯಲಿಗೆಳೆದ ಮೇಲೆ ಸಂಸ್ಥೆಯವರು ಒಪ್ಪಿಕೊಂಡು, ಕ್ಷಮೆ ಬೇಡಿ, 79 ಡಾಲರುಗಳಿದ್ದ ಬ್ಯಾಟರಿ ಬದಲಾವಣೆಯ ಬೆಲೆಯನ್ನು 29ಕ್ಕೆ ಇಳಿಸಿದರು. ಫ್ರಾನ್ಸಿನ ಅಧಿಕಾರಿಗಳು 2020ರಲ್ಲಿ ಅವರಿಗೆ 2.5 ಕೋಟಿ ಯೂರೋಗಳ ದಂಡವನ್ನು ವಿಧಿಸಿದರು. ಆ ದಂಡವು ವೇಗ ತಗ್ಗಿಸಿದ್ದಕ್ಕಲ್ಲ, ತಿಳಿಸದೆ ಇದ್ದುದಕ್ಕೆ. ಎಷ್ಟು ಜನರು ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸರಿಹೋಗುತ್ತಿದ್ದ ಮೊಬೈಲನ್ನು ಹಳತಾಯಿತೆಂದು ಎಸೆದು ಹೊಸದನ್ನು ಕೊಂಡಿರಬಹುದು! 2018ನೇ ಮಾರ್ಚಿಯಿಂದ ಆ ಮೊಬೈಲುಗಳಲ್ಲಿ ಬ್ಯಾಟರಿಯ ಆರೋಗ್ಯವನ್ನು ನೂರರ ಲೆಕ್ಕದಲ್ಲಿ ತೋರಿಸುವ ಒಂದು ಪುಟವು ಸೆಟ್ಟಿಂಗ್ಸಿನಲ್ಲಿ ಬಂದಿದೆ. ಹೊಸದು ಕೊಳ್ಳಲು ಹೊರಡುವವರು ಮೊದಲು ಅದನ್ನೊಮ್ಮೆ ತೆರೆದು ನೋಡತಕ್ಕದ್ದು.

ಬ್ಯಾಟರಿಯೇ ದುಷ್ಟವಾಗಿದ್ದರೆ ಯಾವ ಅಪ್‌ಡೇಟೂ ಅದನ್ನು ಗುಣಪಡಿಸಲಾರದು. 2016ರಲ್ಲಿ ಸ್ಯಾಮ್‌ಸಂಗಿನವರ ಗ್ಯಾಲಕ್ಸಿ ನೋಟ್ 7 ಎಂಬುದು ಬೆಂಕಿ ಹತ್ತಿಕೊಳ್ಳುತ್ತದೆಂದು ತಿಳಿದಾಗ ಅದನ್ನು ಹಿಂದಕ್ಕೆ ಕರೆದರು. ಬದಲಿಗೆ ಕೊಟ್ಟವುಗಳೂ ಹೊತ್ತಿದುದರಿಂದ ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು. ಆದರೂ ಹಿಂದಿರುಗಿಸಲೊಲ್ಲದ ಜನರಿದ್ದರು. ಆಗ ಕಂಪನಿಯವರು ಮೊದಲು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಚಾರ್ಜಾಗದಂತೆಯೂ, ಕೊನೆಗೆ ಅಮೇರಿಕದಲ್ಲಿ ಚಾರ್ಜೇ ಆಗದಂತೆಯೂ ಅಪ್‌ಡೇಟುಗಳನ್ನು ಕಳುಹಿಸಿದರು. ಕೊಂಡ ವಸ್ತುವಿನ ಒಂದು ಬೀಗದಕೈ ಮಾಡಿದವರ ಬಳಿಯಲ್ಲೇ ಉಳಿದಿರುತ್ತದೆಂಬುದು ಲೋಕಕ್ಕೆ ಆಗ ಚೆನ್ನಾಗಿ ಮನದಟ್ಟಾಯಿತು. ಅಲ್ಲಿ ಅದು ಪ್ರಾಣಗಳನ್ನು ಉಳಿಸುವುದಕ್ಕಾಗಿ ಉಪಯೋಗವಾಯಿತು. ಎಲ್ಲ ಕಾಲಕ್ಕೂ ಹಾಗೆಯೇ ಆಗುವುದೆಂದು ನಾವು ಹೊಣೆಯಾಗಲಾರೆವು.

ಈಗ ನಮ್ಮನ್ನು ಈ ಲೇಖನಕ್ಕೆ ಪ್ರೇರಿಸಿದ ಸಂಗತಿಗೆ ಬರುವೆವು. ನಮಗೆಲ್ಲ ಹೊಲಿಗೆ ಕಲಿಸಿದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಊರಲ್ಲಿ ಒಂಟಿಯಾಗಿದ್ದಾರೆ. ಒಬ್ಬಳೇ ಮಗಳು ಮಸ್ಕತಿನಲ್ಲಿ. ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಮೊಬೈಲಿನಲ್ಲಿ ಮೊಮ್ಮಗುವಿನ ಮುಖವನ್ನು ಕಾಣುವುದು ಅವರ ವಾರದ ಹಬ್ಬ. ತೀರಿಹೋದ ಯಜಮಾನರು ಕೊಡಿಸಿದ ಆ ಮೊಬೈಲಿಗೆ ವರ್ಷಗಳು ಬಹಳವಾಗಿದ್ದವು. ಒಂದು ಭಾನುವಾರ ತಾಯಿಮಗಳೊಳಗೆ ಮನೆ ಮಾರುವ ವಿಷಯದಲ್ಲಿ ಬಿರುಸಾದ ಮಾತು ನಡೆಯಿತು. ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. "ಮಗಳು ಕೋಪಿಸಿಕೊಂಡಳು, ನಾನೇಕೆ ಮೇಲೆ ಬೀಳಲಿ" ಎಂದು ತಾಯಿ ಇಲ್ಲಿ ಕುಳಿತರು. ಕಳುಹಿಸಿದ ಸಂದೇಶಗಳೊಂದೂ ಮುಟ್ಟದಿರುವುದನ್ನು ಕಂಡ ಮಗಳು, "ಅಮ್ಮ ನನ್ನ ಮುಖವನ್ನೇ ನೋಡಬಾರದೆಂದು ತಡೆದಿರಬೇಕು" ಎಂದು ಅಲ್ಲಿ ಅತ್ತಳು. ಮೂರನೆಯ ವಾರ ಅವಳು ನೆರೆಮನೆಯವರಿಗೆ ಕರೆಮಾಡಿ, "ಅಮ್ಮ ಹೇಗಿದ್ದಾರೆ, ನನ್ನ ಹೆಸರೆತ್ತುತ್ತಾರೆಯೇ?" ಎಂದು ಕೇಳಿದ ಮೇಲೆ ಗಂಟು ಬಿಚ್ಚಿತು. ಕೋಪವು ಇಬ್ಬರಲ್ಲಿಯೂ ಇರಲಿಲ್ಲ. ಸಂದೇಶದ ಆ್ಯಪು ಅಷ್ಟು ಹಳೆಯ ಆವೃತ್ತಿಯ ಮೇಲೆ ಕೆಲಸಮಾಡುವುದನ್ನು ನಿಲ್ಲಿಸಿತ್ತು. ಮುಂಚಿತವಾಗಿ ವಾರಗಟ್ಟಲೆ ಎಚ್ಚರಿಕೆಯನ್ನೂ ಕೊಟ್ಟಿತ್ತು, ಇಂಗ್ಲಿಷಿನಲ್ಲಿ. ಅವರು ಕನ್ನಡಕವಿಲ್ಲದೆ "ಆಮೇಲೆ" ಎಂಬುದನ್ನು ಒತ್ತಿದ್ದರು.

ನಾವು ಹೋಗಿ ನೋಡಿದೆವು. "ನಾನು ಒತ್ತಿದ್ದರೆ ಹೀಗಾಗುತ್ತಿರಲಿಲ್ಲವಲ್ಲ, ಮಗಳೇ" ಎಂದು ಅವರು ಮರುಗಿದರು. ಆದರೆ ಆ ಮಾತು ಪೂರ್ತಿ ನಿಜವಲ್ಲವೆಂದು ನಾವು ಅವರಿಗೆ ಹೇಳಬೇಕಾಯಿತು. ಆ್ಯಪುಗಳ ಅಪ್‌ಡೇಟು ಬೇರೆ, ಮೊಬೈಲಿನ ಮೂಲ ಸಾಫ್ಟ್‌ವೇರಿನ ಅಪ್‌ಡೇಟು ಬೇರೆ. ಮೂಲದ ಶುದ್ಧಿಪತ್ರವನ್ನು ಕಳುಹಿಸಬೇಕಾದವರು ಮೊಬೈಲು ಮಾಡಿದವರು. ಅವರು ಅದನ್ನು ಎರಡೇ ವರ್ಷ ಕಳುಹಿಸಿ ಕೈತೊಳೆದುಕೊಂಡಿದ್ದರು. ಗಾಜು ಒಡೆದಿರಲಿಲ್ಲ, ಗುಂಡಿಗಳು ಸವೆದಿರಲಿಲ್ಲ. ಆದರೂ ಅದು ಅನಾಥವಾಗಿತ್ತು. ಅವರು ಎಲ್ಲವನ್ನೂ ಒತ್ತಿದ್ದರೂ ಅದು ಅಲ್ಲಿಯೇ ನಿಲ್ಲುತ್ತಿತ್ತು. ಎಚ್ಚರಿಕೆಯನ್ನು ಓದಿದ್ದರೆ ಮೂರು ವಾರಗಳ ಕಣ್ಣೀರು ಮಾತ್ರ ಉಳಿಯುತ್ತಿತ್ತು.

ಆದುದರಿಂದ ಮಕ್ಕಳಿಗಾಗಲಿ ಹಿರಿಯರಿಗಾಗಲಿ ಮೊಬೈಲು ಕೊಳ್ಳುವ ತಾಯಿತಂದೆಗಳು ಅಂಗಡಿಯಲ್ಲಿ ಕ್ಯಾಮೆರಾದ ಮಾತಿಗೆ ಮುಂಚೆ ಕೇಳತಕ್ಕ ಪ್ರಶ್ನೆ ಒಂದುಂಟು: "ಇದಕ್ಕೆ ಭದ್ರತೆಯ ಅಪ್‌ಡೇಟು ಯಾವ ಇಸವಿಯವರೆಗೆ?" ಗೂಗಲಿನವರು 2023ನೇ ಅಕ್ಟೋಬರಿನಲ್ಲಿ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗಿನವರು 2024ನೇ ಜನವರಿಯಲ್ಲಿ ಗ್ಯಾಲಕ್ಸಿ ಎಸ್ 24ಕ್ಕೂ ಏಳು ವರ್ಷಗಳ ಮಾತು ಕೊಟ್ಟಿದ್ದಾರೆ. ಕಡಿಮೆ ಬೆಲೆಯವುಗಳಿಗೆ ಅವಧಿಯು ಬಹಳ ಮೊಟಕಾಗಿರುವುದುಂಟು. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಮಾದರಿಯನ್ನು ರಿಯಾಯತಿಗೆ ಕೊಂಡರೆ ಆ ಅವಧಿಯ ಅರ್ಧವು ಅಂಗಡಿಯಲ್ಲಿಯೇ ಕಳೆದಿರುವುದು.

ಕಳ್ಳ ಅಪ್‌ಡೇಟುಗಳ ವಿಷಯವಾಗಿ ಒಂದು ಮಾತು. ನಿಜವಾದ ಅಪ್‌ಡೇಟು ಮೊಬೈಲಿನ ಸೆಟ್ಟಿಂಗ್ಸಿನಿಂದಾಗಲಿ ಆ್ಯಪುಗಳ ಅಂಗಡಿಯಿಂದಾಗಲಿ ಬರುವುದೇ ಹೊರತು ಸಂದೇಶದ ಬೆನ್ನಿಗಂಟಿಕೊಂಡು ಎಂದಿಗೂ ಬಾರದು. "ನಿಮ್ಮ ಬ್ಯಾಂಕಿನ ಆ್ಯಪನ್ನು ಕೂಡಲೇ ಅಪ್‌ಡೇಟು ಮಾಡಿರಿ" ಎಂದು ಒಂದು ಕಡತವು ಬಂದರೆ ಅದು ಕಳ್ಳನ ಕೈಚೀಲವೆಂದು ತಿಳಿಯಬೇಕು. 2024ರ ಕೊನೆಯಲ್ಲಿ ಮದುವೆಯ ಕರೆಯೋಲೆಯ ರೂಪದಲ್ಲಿಯೂ ಇಂಥ ಕಡತಗಳು ಬರುತ್ತಿವೆಯೆಂದು ಪೊಲೀಸರು ಎಚ್ಚರಿಸಿದ್ದರು. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲಿಯೇ 1930ಕ್ಕೆ ಕರೆಮಾಡತಕ್ಕದ್ದು. ನಾಚಿಕೆಪಟ್ಟು ಎರಡು ದಿನ ಮುಚ್ಚಿಟ್ಟರೆ ಹಣವನ್ನು ತಡೆಯುವುದು ಕಠಿನ.

ಅಪ್‌ಡೇಟು ಮಾಡುವ ಕ್ರಮವೇನೂ ಕಷ್ಟವಾದುದಲ್ಲ. ಚಿತ್ರಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡು, ಜಾಗವಿದೆಯೇ ಎಂದು ನೋಡಿ, ಚಾರ್ಜು ಅರ್ಧಕ್ಕಿಂತ ಹೆಚ್ಚಿರುವಂತೆ ಮಾಡಿ, ವೈಫೈ ಇರುವಲ್ಲಿ ರಾತ್ರಿ ಹಾಕಿದರಾಯಿತು. ಎಣ್ಣೆ ತಾರದೆ ದೀಪ ಹಿಡಿದುಹೋದ ಕನ್ಯೆಯರ ಸಾಮ್ಯವನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಆಷಾಢದ ಮಳೆಯಲ್ಲಿ ನಡುವೆ ಕರೆಂಟು ಹೋದರೇನು ಗತಿ ಎಂದು ಅಂಜುವವರಿಗೆ ಹೇಳತಕ್ಕುದೇನೆಂದರೆ, 2016ರ ಆಂಡ್ರಾಯ್ಡ್ 7ರಿಂದೀಚೆಗೆ ಅನೇಕ ಮೊಬೈಲುಗಳಲ್ಲಿ ಎರಡು ಕೋಣೆಗಳಿರುತ್ತವೆ. ಹಳೆಯದು ಒಂದರಲ್ಲಿ ನಡೆಯುತ್ತಿರುವಂತೆಯೇ ಹೊಸದನ್ನು ಇನ್ನೊಂದರಲ್ಲಿ ಬರೆದು, ಕೊನೆಗೆ ಅದಕ್ಕೆ ಕಾಲಿಡುವುದು. ಅಲ್ಲಿ ಏನಾದರೂ ಕೆಟ್ಟರೆ ಹಳೆಯ ಕೋಣೆಗೇ ಹಿಂದಿರುಗುವುದು. ದೊಡ್ಡ ಆವೃತ್ತಿಯ ಅಪ್‌ಡೇಟಾದರೆ ಎರಡು ವಾರ ತಡೆದು ಇತರರ ಅನುಭವವನ್ನು ಕೇಳಿ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಭದ್ರತೆಯದನ್ನು ಮಾತ್ರ ತಡೆಯಬಾರದು. ಚಾರ್ಜೇ ಆಗುವುದಿಲ್ಲವೆಂದು ಅಂಗಡಿಗೆ ಓಡುವುದಕ್ಕೆ ಮುಂಚೆ ಮೊಬೈಲನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಕೇಬಲ್ಲು ಸಿಕ್ಕಿಸುವ ಬಾಯನ್ನು ಮೆಲ್ಲನೆ ಕೆದಕಿ ನೋಡಿರಿ. ಕೈಚೀಲದ ನೂಲಿನ ಹುಡಿಯೂ ಅಡಿಗೆಮನೆಯ ಹಿಟ್ಟೂ ಅಲ್ಲಿ ಮುದ್ದೆಗಟ್ಟಿರುವುದನ್ನು ಕಂಡು ನಾವೇ ಬೆರಗಾಗಿದ್ದೇವೆ.

ಹೊಲಿಗೆಯ ಟೀಚರಿಗೆ ಹೊಸ ಮೊಬೈಲು ಬಂದಿತು. ಮಗಳು ಹಣ ಕಳುಹಿಸಿದಳು. ಇಸವಿಯ ಪ್ರಶ್ನೆಯನ್ನು ಅಂಗಡಿಯವನಿಗೆ ಅವರೇ ಕೇಳಿದರು. ಹಳೆಯದನ್ನು ಬೀರುವಿನಲ್ಲಿಡುತ್ತೇನೆಂದಾಗ ತೆಗೆದು ನೋಡಿದೆವು. ಬೆನ್ನಿನ ಮುಚ್ಚಳವು ಒಂದು ಕಡೆ ಎದ್ದಿತ್ತು. ಒಳಗೆ ಬ್ಯಾಟರಿಯು ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಒತ್ತಲೂಬಾರದು, ಚುಚ್ಚಲೂಬಾರದು, ಚಾರ್ಜಿಗೂ ಇಡಬಾರದು, ಬಟ್ಟೆಬರೆಗಳ ನಡುವೆಯಂತೂ ಇಡಲೇಬಾರದು. ಯಜಮಾನರ ಚಿತ್ರಗಳೆಲ್ಲ ಅದರಲ್ಲಿಯೇ ಇದ್ದವು. ಉಳಿದಿದ್ದ ಚಾರ್ಜು ನೂರಕ್ಕೆ ಹದಿನೆಂಟು. ಜಗಲಿಯ ಸಿಮೆಂಟಿನ ಮೇಲೆ ಅದನ್ನಿಟ್ಟು, ಗಾಜಿನ ಬೆಳಕನ್ನು ತಗ್ಗಿಸಿ, ಒಂದೊಂದೇ ವರ್ಷದ ಚಿತ್ರಗಳನ್ನು ಬ್ಲೂಟೂತಿನಿಂದ ಹೊಸದಕ್ಕೆ ಸಾಗಿಸುತ್ತ ಕುಳಿತೆವು. ಎರಡು ಗಂಟೆ ಹಿಡಿಯಿತು. ಮುಗಿದಾಗ ಚಾರ್ಜು ನಾಲ್ಕಕ್ಕೆ ಇಳಿದಿತ್ತು. ಮರುದಿನ ಅದನ್ನು ಒಂದು ಲೋಹದ ಡಬ್ಬಿಯಲ್ಲಿ ಮರಳಿನ ಮೇಲಿಟ್ಟು, ಇ-ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಿದೆವು.

ಅದರ ಚರ್ಮದ ಕವರನ್ನು ಮಾತ್ರ ಅವರು ಕೊಡಲಿಲ್ಲ. ಅವರಿಗೆ ತಮ್ಮ ಸಂಖ್ಯೆಯೇ ನೆನಪಿರುತ್ತಿರಲಿಲ್ಲವೆಂದು ಯಜಮಾನರು ಆ ಕವರಿನ ಒಳಮಗ್ಗುಲಲ್ಲಿ ಅದನ್ನು ನೀಲಿ ಶಾಯಿಯಿಂದ ಬರೆದಿದ್ದರು. ಹೊಸ ಮೊಬೈಲಿಗೆ ಅದು ಹಿಡಿಯುವುದಿಲ್ಲ. ಹೊಲಿಗೆಯ ಪೆಟ್ಟಿಗೆಯಲ್ಲಿ ದಾರದುಂಡೆಗಳ ಕೆಳಗೆ ಇಟ್ಟುಕೊಂಡಿದ್ದಾರೆ.